ಬಟವಾಡೆಯ ದಿನ

ನಮ್ಮ ಮನೆಗೆ ಎರಡು ಬಗೆಯ ದುಡ್ಡು ಬರುತ್ತಿತ್ತು. ಅಪ್ಪನದು ರೇಷ್ಮೆಗೂಡಿನ ದುಡ್ಡು, ಅಮ್ಮನದು ಹಾಲಿನ ದುಡ್ಡು. ಗೂಡಿನ ದುಡ್ಡು ದೊಡ್ಡದು. ಆದರೆ ಅದು ಯಾವತ್ತು ಬರುತ್ತದೆ, ಎಷ್ಟು ಬರುತ್ತದೆ ಎಂದು ಹೇಳುವುದು ಯಾರ ಕೈಲೂ ಆಗುತ್ತಿರಲಿಲ್ಲ. ಹುಳು ಹಣ್ಣಾಗಿ ಚಂದ್ರಂಕಿ ಏರುವ ಹೊತ್ತಿಗೆ ಸುಣ್ಣಕಟ್ಟು ರೋಗ ಬಂದರೆ ತಿಂಗಳ ದುಡಿಮೆ ತಿಪ್ಪೆ ಸೇರುತ್ತಿತ್ತು. ಗೂಡು ಚೆನ್ನಾಗಿ ಆಯಿತೆಂದುಕೊಂಡರೂ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಅವತ್ತೇ ರೇಟು ಬಿದ್ದಿರುತ್ತಿತ್ತು. ಅಪ್ಪ ರಾತ್ರಿ ಬಸ್ಸಿಳಿದು ಬರುವಾಗ ಅವನ ನಡಿಗೆ ನೋಡಿಯೇ ಅಮ್ಮ ಒಲೆಗೆ ಏನಿಡಬೇಕೆಂದು ತೀರ್ಮಾನ ಮಾಡುತ್ತಿದ್ದಳು.

ಹಾಲಿನ ದುಡ್ಡು ಚಿಕ್ಕದು. ಎರಡು ಸೀಮೆಹಸು, ಬೆಳಿಗ್ಗೆ ಆರು ಲೀಟರು, ಸಂಜೆ ನಾಲ್ಕು. ಡೇರಿಯಲ್ಲಿ ಡಿಗ್ರಿ ನೋಡಿ, ಅಳೆದು, ಕಾರ್ಡಿಗೆ ಬರೆದುಕೊಡುತ್ತಿದ್ದರು. ವಾರಕ್ಕೊಂದು ದಿನ ಬಟವಾಡೆ. ಹಿಂಡಿ, ಬೂಸಾದ ಲೆಕ್ಕ ಮುರಿದುಕೊಂಡು ಉಳಿದದ್ದನ್ನು ಸೆಕ್ರೆಟರಿ ಅಮ್ಮನ ಕೈಗೆ ಎಣಿಸಿ ಹಾಕುತ್ತಿದ್ದರು. ಮಳೆ ಬರಲಿ, ಬರ ಬರಲಿ, ಆ ದಿನ ತಪ್ಪುತ್ತಿರಲಿಲ್ಲ. ಅಂಗಡಿಯಲ್ಲಿ ಅಮ್ಮ ‘ಬಟವಾಡೆ ಆದಮೇಲೆ ಕೊಡ್ತೀನಣ್ಣ’ ಅಂದರೆ ಸಾಮಾನು ಕಟ್ಟಿಕೊಡುತ್ತಿದ್ದರು. ಅಪ್ಪ ‘ಗೂಡು ಆದಮೇಲೆ’ ಅಂದರೆ ಸ್ವಲ್ಪ ಹೊತ್ತು ಅವನ ಮುಖ ನೋಡುತ್ತಿದ್ದರು.

ಅಪ್ಪನ ದುಡ್ಡಿನಲ್ಲಿ ಪಂಪುಸೆಟ್ಟು ಬಂತು, ಅಕ್ಕನ ಮದುವೆ ಆಯಿತು, ಹಳೇ ಸಾಲ ತೀರಿತು, ಹೊಸ ಸಾಲವೂ ಹುಟ್ಟಿತು. ನಾವು ಶಾಲೆ ಬಿಡದೆ ಓದಿದ್ದು ಅಮ್ಮನ ದುಡ್ಡಿನಲ್ಲಿ. ಪರೀಕ್ಷೆ ಫೀಜಿಗೆ ಕೊನೆಯ ದಿನ ಇರುತ್ತದೆ. ಗೂಡಿನ ದುಡ್ಡಿಗೆ ಆ ದಿನಾಂಕ ಗೊತ್ತಿಲ್ಲ, ಬಟವಾಡೆಗೆ ಗೊತ್ತು. ಆಗ ಅದೆಲ್ಲ ಅರ್ಥವಾಗಿರಲಿಲ್ಲ. ಬಡತನ, ದುಡಿಮೆ, ಜನರ ನೆಮ್ಮದಿ ಕುರಿತು ಬೇರೆ ಬೇರೆ ದೇಶಗಳಲ್ಲಿ ನಡೆದ ಪ್ರಯೋಗಗಳ ಬಗ್ಗೆ ಓದುತ್ತ ಹೋದ ಹಾಗೆ ನಮ್ಮ ಮನೆಯ ಆ ಎರಡು ಲೆಕ್ಕಗಳೇ ಮತ್ತೆ ಮತ್ತೆ ಎದುರಾದವು. ಬಡವರಿಗೆ ಎಷ್ಟು ಕೊಡಬೇಕು ಎಂದು ನಾವು ಬಹಳ ಜಗಳವಾಡುತ್ತೇವೆ. ಯಾವತ್ತು ಕೊಡುತ್ತೇವೆ, ಎಲ್ಲಿಯವರೆಗೆ ಕೊಡುತ್ತೇವೆ ಎಂಬುದನ್ನು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಆರ್ಥಿಕ ಭದ್ರತೆ ಎಂಬ ಮಾತಿನ ಅರ್ಧ ತಿರುಳು ಆ ಎರಡನೆಯ ಪ್ರಶ್ನೆಯಲ್ಲೇ ಇದೆ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನದಿಂದ ಶುರು ಮಾಡುತ್ತೇನೆ. ಮಂಡ್ಯದವರಿಗೂ ಬೆಳಗಾವಿಯವರಿಗೂ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ: ಕಬ್ಬಿನವನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಟಾವಾಗಿ ಕಾರ್ಖಾನೆಗೆ ಹೋದಮೇಲೆ. ಕಟಾವಿನ ಮುಂಚಿನ ತಿಂಗಳುಗಳಲ್ಲಿ ಅವನು ಬಡವ, ದುಡ್ಡು ಕೈಸೇರಿದ ಮೇಲೆ ಅದೇ ಮನುಷ್ಯ ಅನುಕೂಲಸ್ಥ. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಂದೇ ದಿನ ಅರೆಯಲಾರದು, ಕಟಾವಿಗೆ ಸರದಿ ಇರುತ್ತದೆ. ಹಾಗಾಗಿ ಒಂದೇ ತಿಂಗಳಲ್ಲಿ ಒಬ್ಬನ ಕೈ ತುಂಬಿರುತ್ತದೆ, ಪಕ್ಕದವನ ಕೈ ಖಾಲಿ ಇರುತ್ತದೆ. ಸೆಂಧಿಲ್ ಮುಲ್ಲೈನಾಥನ್, ಎಲ್ದಾರ್ ಶಾಫಿರ್, ಆನಂದಿ ಮಣಿ ಮತ್ತು ಅವರ ಸಂಗಡಿಗರು ಇದನ್ನೇ ಹಿಡಿದು 54 ಹಳ್ಳಿಗಳ 464 ರೈತರಿಗೆ ಕಟಾವಿಗೆ ಮೊದಲೊಮ್ಮೆ, ಆಮೇಲೊಮ್ಮೆ ಬುದ್ಧಿ ಪರೀಕ್ಷೆ ಕೊಟ್ಟರು. ಚಿತ್ರದಲ್ಲಿ ತಪ್ಪಿಹೋದ ತುಂಡು ಯಾವುದು ಎಂದು ಹುಡುಕುವಂಥ ಪರೀಕ್ಷೆ, ಅಕ್ಷರ ಬಾರದವರೂ ಮಾಡಬಹುದಾದದ್ದು.

2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದೇ ರೈತ, ಅದೇ ತಲೆ. ಕಟಾವಿಗೆ ಮುಂಚೆ ಹೆಚ್ಚು ತಪ್ಪು, ನಿಧಾನ. ಕಟಾವಾದಮೇಲೆ ಕಡಿಮೆ ತಪ್ಪು, ಚುರುಕು. ಮುಂಚಿನ ತಿಂಗಳುಗಳಲ್ಲಿ ಅವರಲ್ಲಿ ನೂರಕ್ಕೆ 78 ಮಂದಿ ಏನಾದರೊಂದನ್ನು ಗಿರವಿ ಇಟ್ಟಿದ್ದರು, ಕಟಾವಿನ ನಂತರ ಹಾಗೆ ಇಟ್ಟವರು ನೂರಕ್ಕೆ 4. ಬಳೆ ಗಿರವಿ ಅಂಗಡಿಯಲ್ಲಿರುವಾಗ ತಲೆಯ ಒಂದು ಭಾಗವೂ ಅದರ ಜೊತೆ ಅಲ್ಲೇ ಇರುತ್ತದೆ. ಬಿಡಿಸಿಕೊಳ್ಳುವ ಗಡುವು ಯಾವತ್ತು, ಬಡ್ಡಿ ಎಷ್ಟಾಯಿತು, ಹಬ್ಬಕ್ಕೆ ಮಗಳು ಬಂದು ಬಳೆ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು. ಈ ಲೆಕ್ಕ ಬೇಡವೆಂದರೂ ಒಳಗೆ ನಡೆಯುತ್ತಲೇ ಇರುತ್ತದೆ. ಬಡವರು ದೂರದೃಷ್ಟಿ ಇಲ್ಲದವರು, ಅದಕ್ಕೇ ಬಡವರಾಗಿದ್ದಾರೆ ಎಂದು ನಂಬುವವರು ಈ 464 ಜನರನ್ನು ಒಮ್ಮೆ ನೆನೆಯಬೇಕು.

ಇದಾದ ಕೆಲವು ವರ್ಷಗಳಿಗೆ ಒಡಿಶಾದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಇದು ನನಗೆ ಇನ್ನೂ ಹತ್ತಿರದ್ದು. ಸುಪ್ರೀತ್ ಕೌರ್ ಮತ್ತು ಸಂಗಡಿಗರು ಊಟದೆಲೆ ಹಚ್ಚುವ 408 ಕೂಲಿಗಾರರನ್ನು ಗಮನಿಸಿದರು. ನಮ್ಮ ಕಡೆ ಮುತ್ತುಗದ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಹಚ್ಚುವಂಥದ್ದೇ ಕೆಲಸ. ಎಲೆಗೆ ಇಷ್ಟು ಎಂದು ಕೂಲಿ, ಹೆಚ್ಚು ಹಚ್ಚಿದರೆ ಹೆಚ್ಚು ದುಡ್ಡು. ಹೊಲದ ಕೆಲಸ ಇಲ್ಲದ ಕಾಲ, ಮನೆಯಲ್ಲಿ ಬಿಗಿ. ಎರಡು ವಾರದ ಕೆಲಸಕ್ಕೆ ಕೊನೆಯಲ್ಲಿ ಕೂಲಿ ಎಂದು ಮಾತು. ಕೆಲವರಿಗೆ ಮಾತ್ರ, ಅವರು ಅಲ್ಲಿಯವರೆಗೆ ದುಡಿದಿದ್ದ ಕೂಲಿಯನ್ನು ಮಧ್ಯದಲ್ಲೇ ಕೊಟ್ಟರು. ಮೇಲಿಂದ ಒಂದು ಪೈಸೆ ಸೇರಿಸಲಿಲ್ಲ. ಅವರದೇ ದುಡ್ಡು, ಕೆಲವು ದಿನ ಮುಂಚೆ, ಅಷ್ಟೇ.

ದುಡ್ಡು ಸಿಕ್ಕವರು ಕೂಡಲೇ ಸಾಲ ತೀರಿಸಿದರು, ಮನೆಗೆ ಬೇಕಾದ್ದು ತಂದರು. ಮರುದಿನದಿಂದ ಅವರ ಕೈ ಓಡಿದ್ದೇ ಬೇರೆ. ಉತ್ಪಾದನೆ ಸುಮಾರು ನೂರಕ್ಕೆ 7ರಷ್ಟು ಏರಿತು. ಹೆಚ್ಚು ಬಡವರಲ್ಲೇ ಏರಿಕೆಯೂ ಹೆಚ್ಚು. ಎಲೆಗಳನ್ನು ಪರೀಕ್ಷಿಸಿದರೆ ತಪ್ಪು ಚುಚ್ಚಿದ ತೂತುಗಳೂ, ಬೇಕಿಲ್ಲದ ಹೊಲಿಗೆಗಳೂ ಕಡಿಮೆಯಾಗಿದ್ದವು. ಅಂದರೆ ಅವರು ಮೈಮುರಿದು ಓಡಿಸಿದ್ದಲ್ಲ, ಮನಸ್ಸು ಕೆಲಸದ ಮೇಲೆ ನಿಂತಿತ್ತು. ಒಂದು ಎಲೆಯಲ್ಲಿ ಎಷ್ಟು ತೂತು ಇವೆ ಎಂಬುದರಿಂದ ಅದನ್ನು ಹಚ್ಚಿದವರ ತಲೆಯ ಭಾರವನ್ನು ಅಳೆಯಬಹುದು ಎಂದು ಹೊಳೆದವರಿಗೆ ನಾನು ಕೈಮುಗಿಯುತ್ತೇನೆ. ಕಾರ್ಖಾನೆ, ಗುತ್ತಿಗೆ, ಗಾರೆ ಕೆಲಸ ಎಲ್ಲೆಲ್ಲೂ ಕೂಲಿ ತಡೆಹಿಡಿದು ಆಳುಗಳನ್ನು ಹದ್ದುಬಸ್ತಿನಲ್ಲಿಡುತ್ತೇವೆ ಎಂದುಕೊಂಡ ಮೇಸ್ತ್ರಿಗಳು ತಮ್ಮ ಕೆಲಸವನ್ನೇ ಕೆಡಿಸಿಕೊಳ್ಳುತ್ತಿದ್ದಾರೆ.

ಇನ್ನು ಕೆಲಸಕ್ಕೂ ದುಡ್ಡಿಗೂ ಇರುವ ಗಂಟನ್ನೇ ಬಿಚ್ಚಿ ನೋಡಿದ ಊರಿನ ಕತೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಡಾಫಿನ್ ಎಂಬ ಸಣ್ಣ ಪಟ್ಟಣವಿದೆ. ಸುತ್ತ ಹೊಲ, ಜನ ಹೆಚ್ಚಾಗಿ ರೈತಾಪಿ. 1974ರಲ್ಲಿ ಅಲ್ಲಿನ ಸರ್ಕಾರ ‘ಮಿನ್‌ಕಮ್’ ಎಂಬ ಪ್ರಯೋಗ ಆರಂಭಿಸಿತು. ಯಾವ ಕುಟುಂಬದ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗಿಳಿಯದ ಹಾಗೆ ಸರ್ಕಾರ ತುಂಬಿಕೊಡುವುದು ಅದರ ತಿರುಳು. ಕೆಲಸ ಮಾಡಿ ಗಳಿಸಿದರೆ ನೆರವು ಪೂರ್ತಿ ನಿಲ್ಲುತ್ತಿರಲಿಲ್ಲ, ಗಳಿಕೆಗೆ ತಕ್ಕಂತೆ ಇಳಿಯುತ್ತಿತ್ತು. ಬೇರೆ ಕಡೆ ಆರಿಸಿದ ಕೆಲವು ಕುಟುಂಬಗಳಿಗಷ್ಟೆ ಇದ್ದ ಅವಕಾಶ ಡಾಫಿನ್‌ನಲ್ಲಿ ಇಡೀ ಊರಿಗೇ ಇತ್ತು. ಬೆಳೆ ಕೈಕೊಟ್ಟರೂ, ಗಂಡ ಕಾಯಿಲೆ ಬಿದ್ದರೂ ತಿಂಗಳ ಕೊನೆಗೆ ಮನೆ ಬೀಳುವುದಿಲ್ಲ ಎಂಬ ಧೈರ್ಯವನ್ನು ಒಂದು ಊರು ಕೆಲವು ವರ್ಷ ಅನುಭವಿಸಿತು.

ಆಮೇಲೆ ಬೆಲೆಯೇರಿಕೆ, ಸರ್ಕಾರಗಳ ಬದಲಾವಣೆ. 1979ರಲ್ಲಿ ಪ್ರಯೋಗ ನಿಂತಿತು. ಊರಿನ ಬದುಕು ಏನಾಯಿತೆಂದು ವಿಶ್ಲೇಷಿಸಲು ದುಡ್ಡಿರಲಿಲ್ಲ. ಸುಮಾರು 1,800 ಪೆಟ್ಟಿಗೆಗಳಲ್ಲಿ ಕಾಗದಪತ್ರ ತುಂಬಿ ಇಟ್ಟುಬಿಟ್ಟರು. ಎವ್ಲಿನ್ ಫೊರ್ಜೆ ಎಂಬ ಅರ್ಥಶಾಸ್ತ್ರಜ್ಞೆ ದಶಕಗಳ ನಂತರ ಆ ಪೆಟ್ಟಿಗೆಗಳ ಬೆನ್ನು ಹತ್ತಿದರು. ಜೊತೆಗೆ ಅವರಿಗೊಂದು ಉಪಾಯ ಹೊಳೆಯಿತು. ಕೆನಡಾದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಇದೆ. ಹಾಗಾದರೆ ಆ ವರ್ಷಗಳಲ್ಲಿ ಡಾಫಿನ್ ಜನ ಎಷ್ಟು ಸಲ ಆಸ್ಪತ್ರೆ ಸೇರಿದರು ಎಂಬ ಲೆಕ್ಕ ಎಲ್ಲೋ ಇರಲೇಬೇಕು. ಇತ್ತು. 2011ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಅಂಥದೇ ಬೇರೆ ಊರಿನವರಿಗೆ ಹೋಲಿಸಿದರೆ ಡಾಫಿನ್‌ನವರು ಆಸ್ಪತ್ರೆ ಸೇರುವುದು ನೂರಕ್ಕೆ 8.5ರಷ್ಟು ಕಡಿಮೆಯಾಗಿತ್ತು. ಯಾವ ಕಾಯಿಲೆಗಳಲ್ಲಿ? ಅಪಘಾತ, ಗಾಯ ಮತ್ತು ಮನಸ್ಸಿನ ತೊಂದರೆಗಳಲ್ಲಿ.

ಈ ವಿವರದ ಎದುರು ನಾನು ಬಹಳ ಹೊತ್ತು ಕುಳಿತಿದ್ದೇನೆ. ಕಂಗೆಟ್ಟವರು ಬೀಳುತ್ತಾರೆ, ಯಂತ್ರಕ್ಕೆ ಕೈ ಕೊಡುತ್ತಾರೆ, ಕುಡಿದು ಗಾಡಿ ಓಡಿಸುತ್ತಾರೆ, ಮನೆಯಲ್ಲಿ ಹೊಡೆದಾಡುತ್ತಾರೆ. ಈ ಗಾಯಗಳನ್ನು ನಾವು ಹಣೆಬರಹದ ಲೆಕ್ಕಕ್ಕೆ ಬರೆದಿಟ್ಟಿದ್ದೇವೆ.

ಡಾಫಿನ್‌ನ ಹುಡುಗರು ಹೈಸ್ಕೂಲಿನ ಕೊನೆಯ ತರಗತಿಯವರೆಗೆ ಓದು ಮುಂದುವರಿಸಿದ್ದೂ ಅದೇ ಲೆಕ್ಕದಲ್ಲಿ ಕಾಣಿಸಿತು. ಕೆಲಸದ ಗಂಟೆ ಕಡಿಮೆ ಮಾಡಿದವರು ಯಾರು ಎಂದು ನೋಡಿದರೆ ಮುಖ್ಯವಾಗಿ ಎಳೆಕೂಸಿನ ತಾಯಂದಿರು, ಮತ್ತೆ ಓದುವ ವಯಸ್ಸಿನ ಹುಡುಗರು. ಮನೆ ನಡೆಸುವ ಗಂಡಸರು ಹೆಚ್ಚೂಕಡಿಮೆ ಮೊದಲಿನಂತೆಯೇ ದುಡಿದರು. ಬಾಣಂತಿ ಇನ್ನೆರಡು ತಿಂಗಳು ಮನೆಯಲ್ಲಿದ್ದರೆ, ಹದಿನಾರರ ಹುಡುಗ ಕೂಲಿಗೆ ಹೋಗದೆ ಶಾಲೆಗೆ ಹೋದರೆ ಅದನ್ನು ಸೋಮಾರಿತನ ಎನ್ನಲು ನನ್ನ ಬಾಯಿ ಏಳುವುದಿಲ್ಲ.

ಫಿನ್ಲೆಂಡಿನ ಪ್ರಯೋಗ ಇದಕ್ಕಿಂತ ಹೆಸರುವಾಸಿ, ಆದರೆ ಹೇಳಲು ಇಷ್ಟೇ ಇದೆ: 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ. ಕೆಲಸ ಸಿಕ್ಕಿದರೂ ಅದು ನಿಲ್ಲುವುದಿಲ್ಲ. ಅವರು ಕೆಲಸ ಬಿಟ್ಟು ಕೂರಲಿಲ್ಲ. ಎರಡನೆಯ ವರ್ಷದ ಲೆಕ್ಕದಲ್ಲಿ ಉಳಿದವರಿಗಿಂತ ಸರಾಸರಿ ಆರು ದಿನ ಹೆಚ್ಚೇ ದುಡಿದಿದ್ದರು. ದೊಡ್ಡ ಬದಲಾವಣೆ ಕಂಡದ್ದು ಮನಸ್ಸಿನಲ್ಲಿ. ಚಿಂತೆ ಕಡಿಮೆ, ಮುಂದಿನ ದಿನಗಳ ಮೇಲೆ, ಸರ್ಕಾರದ ಮೇಲೆ, ಬೇರೆ ಜನರ ಮೇಲೆ ನಂಬಿಕೆ ಹೆಚ್ಚು.

ಹೀಗೆ ಸುಮ್ಮನೆ ದುಡ್ಡು ಕೊಟ್ಟು ನೋಡಿದ ಪ್ರಯೋಗ ನಮ್ಮ ದೇಶದಲ್ಲೇ ನಡೆದದ್ದು ಮಧ್ಯಪ್ರದೇಶದಲ್ಲಿ. 2011ರಲ್ಲಿ ‘ಸೇವಾ’ ಎಂಬ ಮಹಿಳಾ ಸಂಘಟನೆ ಯುನಿಸೆಫ್ ನೆರವಿನಿಂದ ಇಂದೋರಿನ ಸುತ್ತಲಿನ ಎಂಟು ಹಳ್ಳಿಗಳಲ್ಲಿ ಹಿರಿಯರಿಗೆ ತಿಂಗಳಿಗೆ ₹200, ಮಕ್ಕಳ ಪಾಲಿಗೆ ₹100 ಕೊಡತೊಡಗಿತು. ವರ್ಷದ ನಂತರ ಅದು ₹300 ಮತ್ತು ₹150 ಆಯಿತು. ಒಟ್ಟು ಒಂದೂವರೆ ವರ್ಷ ನಡೆಯಿತು. ಇದರಲ್ಲಿ ಬದುಕು ಸಾಗುವುದಿಲ್ಲ, ಸಾಗಲಿ ಎಂದು ಕೊಟ್ಟದ್ದೂ ಅಲ್ಲ. ಆದರೂ ಆಡು, ಕೋಳಿ, ಎಮ್ಮೆ ಹೆಚ್ಚಿದವು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಹೆಚ್ಚಿತು. ಜನ ಕೂಲಿ ಬಿಟ್ಟು ತಮ್ಮದೇ ತುಂಡು ಹೊಲಕ್ಕೆ ಇಳಿದರು. ಈ ಕೊನೆಯ ಮಾತು ಮುಖ್ಯ. ಸಣ್ಣ ಹಿಡುವಳಿದಾರ ತನ್ನ ಹೊಲ ಬಿಟ್ಟು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವುದು ಅಂದಿನ ಸಂಜೆಗೆ ದುಡ್ಡು ಬೇಕು ಎಂಬ ಕಾರಣಕ್ಕೆ. ಸಂಜೆಯ ಚಿಂತೆ ಒಂದಿಷ್ಟು ನೀಗಿದರೆ ಅವನು ನಾಲ್ಕು ತಿಂಗಳು ಕಾಯುವ ಬೆಳೆ ಇಡುತ್ತಾನೆ.

ಕೀನ್ಯಾದಲ್ಲಿ ನಡೆಯುತ್ತಿರುವುದು ಎಲ್ಲಕ್ಕಿಂತ ದೊಡ್ಡದು, ನನ್ನ ಪ್ರಶ್ನೆಗೆ ಎಲ್ಲಕ್ಕಿಂತ ನೇರ ಉತ್ತರ ಕೊಟ್ಟದ್ದೂ ಅದೇ. ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ 195 ಹಳ್ಳಿಗಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಎರಡು ವರ್ಷ ತಿಂಗಳು ತಿಂಗಳು ದುಡ್ಡು. ಇನ್ನೊಂದಕ್ಕೆ ಅಷ್ಟೇ ದುಡ್ಡು 12 ವರ್ಷ ಬರುತ್ತದೆಂಬ ಮಾತು. ಮೂರನೆಯದಕ್ಕೆ ಎರಡು ವರ್ಷದ ಮೊತ್ತವೆಲ್ಲ ಒಂದೇ ಗಂಟು. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ, ತವ್ನೀತ್ ಸೂರಿ ಮೊದಲಾದವರು ಎರಡು ವರ್ಷದ ನಂತರ ಲೆಕ್ಕ ನೋಡಿದಾಗ ಮೂರೂ ಗುಂಪಿನವರ ಕೈಗೆ ಬಂದದ್ದು ಹೆಚ್ಚೂಕಡಿಮೆ ಒಂದೇ ಮೊತ್ತ. ಆದರೆ ಗಂಟು ಪಡೆದವರು ಅಂಗಡಿ, ಸಣ್ಣಪುಟ್ಟ ವ್ಯಾಪಾರ ಶುರು ಮಾಡಿದ್ದರು. 12 ವರ್ಷದ ಮಾತು ಪಡೆದವರೂ ಶುರು ಮಾಡಿದ್ದರು. ಎರಡೇ ವರ್ಷ ಎಂದು ಗೊತ್ತಿದ್ದವರಲ್ಲಿ ಅಂಥ ಚುರುಕು ಕಾಣಲಿಲ್ಲ.

ತಿಂಗಳ ಸಣ್ಣ ದುಡ್ಡಿನಲ್ಲಿ ಅಂಗಡಿ ಹೇಗೆ ಹಾಕಿದರು? ಚೀಟಿ ಕಟ್ಟಿ. ಹತ್ತು ಹನ್ನೆರಡು ಜನ ಕೂಡಿ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವುದು ಅಲ್ಲೂ ಇದೆ. ನಮ್ಮ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಚೀಟಿ ಕಟ್ಟಲು ಒಂದು ಧೈರ್ಯ ಬೇಕು: ಹತ್ತನೆಯ ತಿಂಗಳೂ ನನ್ನ ಹತ್ತಿರ ಕಂತಿಗೆ ದುಡ್ಡಿರುತ್ತದೆ, ಪಕ್ಕದವಳ ಹತ್ತಿರವೂ ಇರುತ್ತದೆ. ನಾಳೆ ನಿಲ್ಲಬಹುದಾದ ದುಡ್ಡು ಅಡುಗೆಮನೆಯಲ್ಲೇ ಕರಗುತ್ತದೆ. ನಿಲ್ಲುವುದಿಲ್ಲ ಎಂದು ಗೊತ್ತಿರುವ ದುಡ್ಡು ಬಂಡವಾಳವಾಗುತ್ತದೆ. ಮೊತ್ತ ಅಷ್ಟೇ ಇದ್ದು, ಕೊಟ್ಟ ಮಾತಿನ ಉದ್ದ ಬದಲಾದದ್ದಕ್ಕೇ ಇಷ್ಟು ವ್ಯತ್ಯಾಸ.

ಈಗ ನಮ್ಮ ರಾಜ್ಯಕ್ಕೆ ಬರೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ ₹2,000 ಕೊಡುತ್ತದೆ. ಸುಮಾರು 1.2 ಕೋಟಿ ಹೆಂಗಸರು. ಜಗತ್ತಿನ ಈ ಪ್ರಯೋಗಗಳೆಲ್ಲ ಸಾವಿರಗಳ ಲೆಕ್ಕ. ಇಲ್ಲಿ ಆಗಿರುವುದು ಅನೇಕ ದೇಶಗಳ ಜನಸಂಖ್ಯೆಗಿಂತ ದೊಡ್ಡದು. ಇದನ್ನು ಚುನಾವಣೆಯ ಕಣ್ಣಿನಿಂದ ಮಾತ್ರ ನೋಡಿದ್ದರಿಂದ ಒಂದು ದೊಡ್ಡ ಸಂಗತಿ ನಮ್ಮ ಗಮನಕ್ಕೆ ಬರಲಿಲ್ಲ. ಮನೆಯೊಳಗೆ ಜೀವಮಾನವೆಲ್ಲ ದುಡಿದ ಹೆಂಗಸಿಗೆ ತನ್ನ ಹೆಸರಿನ ಖಾತೆಗೆ, ತಿಂಗಳು ತಿಂಗಳು ಬರುವ ದುಡ್ಡು ಎಂಬುದು ಈ ನಾಡಿನ ಬಹಳ ಮನೆಗಳಲ್ಲಿ ಮೊದಲ ಸಲ.

ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕಂತುಗಳನ್ನು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ನೆನಪಿರಬಹುದು. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ತಮ್ಮ ದುಡ್ಡು ಸೇರಿಸಿ ಕೊಳವೆಬಾವಿ ಕೊರೆಸಿದ ಸುದ್ದಿಯೂ ಬಂತು. ಹೋಳಿಗೆಯ ಸುದ್ದಿ ಓದಿ ಕೆಲವರು ದುಂದು ಎಂದರು. ನನಗೆ ಹಾಗನ್ನಿಸಲಿಲ್ಲ. ಜೀವನವೆಲ್ಲ ಬೇರೆಯವರ ಮನೆಯ ಪಂಕ್ತಿಯಲ್ಲಿ ಕುಳಿತವರಿಗೆ ಒಮ್ಮೆ ತಾನು ಬಡಿಸುವವಳಾಗಬೇಕು ಎಂಬ ಆಸೆ ಇರುವುದಿಲ್ಲವೇ? ನೆಮ್ಮದಿ ಅಂದರೆ ಅದೂ ಸೇರಿದ್ದೇ.

ಆದರೆ ಇದೇ ಯೋಜನೆಯಲ್ಲಿ ಕಂತು ತಡವಾದದ್ದು, ಎರಡು ಮೂರು ತಿಂಗಳು ಕಾಯಬೇಕಾದದ್ದು ಪತ್ರಿಕೆಗಳಲ್ಲೂ ಸದನದಲ್ಲೂ ಚರ್ಚೆಯಾಗಿದೆ. ಒಂದಲ್ಲ ಒಂದು ದಿನ ಬರುತ್ತದಲ್ಲ, ಏನು ಮಹಾ ನಷ್ಟ ಎಂದು ವಿಧಾನಸೌಧದಲ್ಲಿ ಕುಳಿತವರಿಗೆ ಅನ್ನಿಸಬಹುದು. ಎಲೆ ಹಚ್ಚುವ ಒಡಿಶಾದ ಕೂಲಿಗಾರರು ಹೇಳುತ್ತಾರೆ ಏನು ನಷ್ಟವೆಂದು. ತಡವಾಗಿ ಬಂದ ₹6,000 ತಿಂಗಳು ತಿಂಗಳು ಬಂದ ಮೂರು ₹2,000ಕ್ಕೆ ಸಮವಲ್ಲ. ಚೀಟಿಯ ಕಂತು ತಪ್ಪಿದವಳ ಮಾತಿಗೆ ಬೆಲೆ ಹೋಗಿರುತ್ತದೆ, ಬಳೆ ಗಿರವಿಗೆ ಹೋಗಿರುತ್ತದೆ, ಸಂಘದ ಸಾಲದವರು ಬಾಗಿಲಿಗೆ ಬಂದು ಹೋಗಿರುತ್ತಾರೆ.

ಸಂಘದ ಸಾಲ ಎಂದು ಹೆಂಗಸರು ಕರೆಯುವ ಕಿರುಸಾಲದ ಮಾತು ಬಂತು. ಸಾಲದ ಕಂತಿಗೆ ವಾರ ಗೊತ್ತು, ಗಂಟೆಯೂ ಗೊತ್ತು. ಕಟ್ಟುವವಳ ಕೂಲಿಗೆ ಮಾತ್ರ ವಾರವೂ ಇಲ್ಲ, ಗಂಟೆಯೂ ಇಲ್ಲ. ಈ ಎರಡರ ನಡುವಿನ ಕಂದಕವನ್ನು ಇನ್ನೊಂದು ಸಾಲದಿಂದ, ಅದನ್ನು ಮತ್ತೊಂದರಿಂದ ಮುಚ್ಚುತ್ತ ಹೋದ ಕುಟುಂಬಗಳು ಕೊನೆಗೆ ರಾತ್ರೋರಾತ್ರಿ ಊರು ಬಿಟ್ಟವು, ಕೆಲವರು ಪ್ರಾಣವನ್ನೇ ಬಿಟ್ಟರು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಎಂದಿತು. ಬೇಕಾಗಿತ್ತು. ಆದರೆ ವಸೂಲಿಯವನನ್ನು ಬಾಗಿಲಿನಿಂದ ಓಡಿಸಿದ ಮಾತ್ರಕ್ಕೆ ಮನೆಯೊಳಗಿನ ಕಂದಕ ಮುಚ್ಚುವುದಿಲ್ಲ. ಬರುವ ದುಡ್ಡಿಗೂ ಒಂದು ವಾರ, ಒಂದು ತಾರೀಖು ಸಿಗಬೇಕು.

ಕಾನೂನಿನಲ್ಲಿ ತಾರೀಖು ಬರೆದ ಉದಾಹರಣೆ ನಮ್ಮಲ್ಲೇ ಇತ್ತು. 2005ರ ಉದ್ಯೋಗ ಖಾತರಿ ಕಾಯ್ದೆ 15 ದಿನದೊಳಗೆ ಕೂಲಿ ಕೊಡಬೇಕು ಎಂದಿತು. ತಡವಾದರೆ ಪರಿಹಾರ: ಹದಿನಾರನೆಯ ದಿನದಿಂದ, ದಿನಕ್ಕೆ ಬಾಕಿಯ ಶೇ 0.05. ಅಂದರೆ ಒಬ್ಬ ಹೆಂಗಸಿಗೆ ₹2,000 ಕೂಲಿ ಬರಬೇಕಿದ್ದರೆ ದಿನಕ್ಕೆ ₹1. ಅದೇ ಎರಡು ಸಾವಿರವನ್ನು ಅವಳು ಊರಿನಲ್ಲಿ ಕೈಸಾಲ ತಂದರೆ ತಿಂಗಳಿಗೆ ನೂರಕ್ಕೆ ಐದೋ ಹತ್ತೋ ಬಡ್ಡಿ. ಅವಳ ಕಾಯುವಿಕೆಗೆ ಸರ್ಕಾರ ಕಟ್ಟಿದ ಬೆಲೆಗೂ ಊರು ಕಟ್ಟುವ ಬೆಲೆಗೂ ಇರುವ ಅಂತರ ಇದು. ತಾರೀಖು ಬರೆದದ್ದು ದೊಡ್ಡ ಹೆಜ್ಜೆ, ಆದರೆ ಅದನ್ನು ಮುರಿದರೆ ಯಾರಿಗೂ ಬಿಸಿ ತಟ್ಟಲಿಲ್ಲ. ಕೇಂದ್ರದ ವೃದ್ಧಾಪ್ಯ ವೇತನದ್ದು ಇನ್ನೊಂದು ಬಗೆಯ ಮರೆವು. 80 ತುಂಬದ ವೃದ್ಧರಿಗೆ ಕೇಂದ್ರದ ಪಾಲು 2007ರಿಂದಲೂ ತಿಂಗಳಿಗೆ ₹200. ಇಷ್ಟು ವರ್ಷಗಳಲ್ಲಿ ಅಕ್ಕಿ, ಬೇಳೆ, ಮಾತ್ರೆಗಳ ಬೆಲೆ ಎಲ್ಲಿಗೆ ಹೋಗಿದೆ ಎಂಬುದನ್ನು ಆ ಅಂಕಿ ಕೇಳಿಸಿಕೊಂಡೇ ಇಲ್ಲ. ಸಂಬಳದಾರರಿಗೆ ತುಟ್ಟಿಭತ್ಯೆ ಏರುವಂತೆ ಇದೂ ತಾನಾಗಿ ಏರಬೇಕು. ಯಾರಾದರೂ ಕರುಣೆ ತೋರುವ ತನಕ ಕಾಯುವಂತಿರಬಾರದು.

ಷರತ್ತು ಹಾಕಿ ಕೊಡಬೇಕೇ, ಹಾಗೇ ಕೊಡಬೇಕೇ? ಮಕ್ಕಳ ಓದಿನ ವಿಚಾರದಲ್ಲಿ ಈ ಪ್ರಶ್ನೆ ಸುಲಭದ್ದಲ್ಲ. ಆಫ್ರಿಕಾದ ಮಲಾವಿ ದೇಶದ ಜೋಂಬಾ ಜಿಲ್ಲೆಯಲ್ಲಿ ಹುಡುಗಿಯರಿಗೂ ಅವರ ಮನೆಯವರಿಗೂ ತಿಂಗಳ ದುಡ್ಡು ಕೊಟ್ಟರು. ಕೆಲವರಿಗೆ ಶಾಲೆಗೆ ಬಂದರೆ ಮಾತ್ರ, ಕೆಲವರಿಗೆ ಸುಮ್ಮನೆ. ಷರತ್ತು ಇದ್ದ ಕಡೆ ಹುಡುಗಿಯರು ಶಾಲೆಯಲ್ಲಿ ಉಳಿದದ್ದು ಹೆಚ್ಚು. ಇಷ್ಟಕ್ಕೇ ನಿಲ್ಲಿಸಿದ್ದರೆ ಷರತ್ತೇ ಗೆದ್ದಿತು ಎನ್ನಬಹುದಿತ್ತು. ಆದರೆ ಎಳೆವಯಸ್ಸಿನ ಮದುವೆ, ಬಸಿರು ಕಡಿಮೆಯಾದದ್ದು ಷರತ್ತಿಲ್ಲದ ಕಡೆ. ಯಾಕೆಂದರೆ ಷರತ್ತು ಇದ್ದ ಕಡೆ ಶಾಲೆ ಬಿಟ್ಟ ಹುಡುಗಿಗೆ ಅಂದಿನಿಂದಲೇ ದುಡ್ಡು ನಿಂತಿತು. ಇನ್ನೊಂದು ಕಡೆ ಶಾಲೆ ಬಿಟ್ಟವಳ ಕೈಯಲ್ಲೂ ಒಂದಿಷ್ಟು ದುಡ್ಡಿತ್ತು, ಅದು ಅವಳನ್ನು ಯಾರದೋ ಮನೆ ಸೇರುವ ಅವಸರದಿಂದ ಕಾಪಾಡಿತು. ನೆರವು ಎಲ್ಲರಿಗಿಂತ ಹೆಚ್ಚಾಗಿ ಬೇಕಾದವಳೇ ಷರತ್ತಿನಿಂದ ಹೊರಗೆ ಬೀಳುತ್ತಾಳೆ.

ನಮ್ಮ ಭಾಗ್ಯಲಕ್ಷ್ಮಿ ಯೋಜನೆ 2006ರಲ್ಲಿ ಶುರುವಾದಾಗ ಬಡ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ 18 ತುಂಬಿದಾಗ ಹಣ ಎಂದು ಮಾತು ಕೊಟ್ಟಿತು. ಅಷ್ಟರೊಳಗೆ ಮದುವೆ ಆಗಿರಬಾರದು, ಎಂಟನೆಯ ತರಗತಿಯಾದರೂ ಓದಿರಬೇಕು. ಹದಿನೆಂಟು ವರ್ಷದ ಮಾತು! ಒಂದು ಸರ್ಕಾರ ತನಗಿಂತ ಉದ್ದವಾದ ಮಾತು ಕೊಟ್ಟದ್ದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಆದರೂ ಜೋಂಬಾದ ಲೆಕ್ಕ ಓದಿದ ಮೇಲೆ, ಹದಿನಾಲ್ಕಕ್ಕೆ ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಗೆ ಹದಿನೆಂಟರವರೆಗಿನ ಆ ನಾಲ್ಕು ವರ್ಷ ಏನು ಆಸರೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಮೇಲೆ ಹೇಳಿದ್ದೆಲ್ಲವೂ ಉತ್ತರವೇ. ಇನ್ನೂ ಬೇಕೆನ್ನುವವರಿಗೆ: ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಸರ್ಕಾರಿ ಯೋಜನೆಗಳ ಲೆಕ್ಕ ತೆಗೆದು ನೋಡಿ, ನೆರವು ಪಡೆದವರು ಕೆಲಸ ಕಡಿಮೆ ಮಾಡಿದ್ದಕ್ಕೆ ಗಟ್ಟಿ ಪುರಾವೆ ಕಾಣಲಿಲ್ಲ ಎಂದು 2017ರಲ್ಲಿ ಬರೆದರು.

ಖಜಾನೆಯ ಪ್ರಶ್ನೆ ಬೇರೆ, ಅದು ನಿಜವಾದ ಪ್ರಶ್ನೆ. 1.2 ಕೋಟಿ ಜನಕ್ಕೆ ವರ್ಷಕ್ಕೆ ₹24,000 ಅಂದರೆ ₹28 ಸಾವಿರ ಕೋಟಿಗೂ ಮಿಕ್ಕಿತು. 2016-17ರ ಕೇಂದ್ರ ಆರ್ಥಿಕ ಸಮೀಕ್ಷೆ ಇಡೀ ದೇಶಕ್ಕೆ ಇಂಥದ್ದನ್ನು ಲೆಕ್ಕ ಹಾಕಿ, ಮುಕ್ಕಾಲು ಪಾಲು ಜನರಿಗೆ ತಲಾ ವರ್ಷಕ್ಕೆ ₹7,620 ಕೊಟ್ಟರೆ ಜಿಡಿಪಿಯ ಶೇ 4.9 ಆಗುತ್ತದೆ ಎಂದಿತ್ತು. ಇಷ್ಟು ದುಡ್ಡು ಶಾಲೆಗೂ ಆಸ್ಪತ್ರೆಗೂ ಹೋಗಬೇಕಿತ್ತಲ್ಲವೇ ಎಂದು ಕೇಳುವವರ ಆತಂಕವನ್ನು ನಾನು ತಳ್ಳಿಹಾಕಲಾರೆ. ಕೈಯಲ್ಲಿ ₹2,000 ಇದ್ದ ಮಾತ್ರಕ್ಕೆ ಊರಿನ ಶಾಲೆಗೆ ಗಣಿತದ ಮೇಷ್ಟ್ರು ಬರುವುದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಡಾಕ್ಟರು ಇರುವುದಿಲ್ಲ. ಡಾಫಿನ್‌ನವರಿಗೆ ಸರ್ಕಾರಿ ಆಸ್ಪತ್ರೆ ವಿಮೆ ಮೊದಲೇ ಇತ್ತು. ಇಂದೋರಿನ ಹಳ್ಳಿಗಳಲ್ಲಿ ಹೆಂಗಸರ ಬೆನ್ನಿಗೆ ಸೇವಾ ಇತ್ತು. ದುಡ್ಡು ಶಾಲೆಯ ಬದಲಿಗೆ ಬರುವುದಾದರೆ ನನಗೆ ಬೇಡ. ಶಾಲೆಯ ಜೊತೆಗೆ ಬರುವುದಾದರೆ ಆ ಶಾಲೆಯ ಬೆಂಚಿನಲ್ಲಿ ಮಗು ಉಳಿಯುತ್ತದೆ. ಮೊತ್ತ ದೊಡ್ಡದು ಮಾಡಲು ಆಗದಿದ್ದರೆ ಬೇಡ. ಇರುವ ಮೊತ್ತಕ್ಕೆ ಒಂದು ತಾರೀಖು, ಆ ತಾರೀಖಿಗೆ ಒಂದು ಕಾನೂನು, ಯಾವ ಪಕ್ಷ ಬಂದರೂ ಇಷ್ಟು ವರ್ಷ ಇದು ನಿಲ್ಲದು ಎಂಬ ಸದನದ ಮಾತು. ಇವುಗಳಿಗೆ ದುಡ್ಡಿಗಿಂತ ಹೆಚ್ಚಾಗಿ ಮನಸ್ಸು ಬೇಕು.

ಇದನ್ನು ಓದುವ ಬಹಳ ಜನ ಒಂದನೇ ತಾರೀಖಿನವರು. ಸಂಬಳ ಯಾವತ್ತು ಬರುತ್ತದೆ ಎಂಬುದು ನಮಗೆ ಸೂರ್ಯ ಹುಟ್ಟಿದಷ್ಟು ಸಹಜ. ಆ ತಾರೀಖಿನ ಮೇಲೆಯೇ ಮನೆಸಾಲ, ಮಕ್ಕಳ ಫೀಜು, ವಿಮೆ ಎಲ್ಲವನ್ನೂ ಕಟ್ಟಿಕೊಂಡಿದ್ದೇವೆ. ನಮ್ಮ ಜಾಣತನ ಎಂದುಕೊಂಡಿರುವ ಎಷ್ಟೋ ಸಂಗತಿ ನಿಜವಾಗಿ ಆ ತಾರೀಖಿನದು. ಮನೆ ಬಾಗಿಲಿಗೆ ಊಟ ತಂದುಕೊಡುವ ಹುಡುಗನಿಗೆ ಅದಿಲ್ಲ. ಅವನ ಭದ್ರತೆಗೆಂದು ರಾಜ್ಯ 2025ರಲ್ಲಿ ಕಾಯ್ದೆ ಮಾಡಿ ಕಂಪನಿಗಳಿಂದ ಶೇ 1ರಿಂದ 5ರವರೆಗೆ ಶುಲ್ಕ ಸಂಗ್ರಹಿಸಲು ದಾರಿ ಮಾಡಿದೆ. ಆ ನಿಧಿಯಿಂದ ಅವನಿಗೆ ಏನು ಸಿಗಬೇಕು ಎಂದು ನನ್ನನ್ನು ಕೇಳಿದರೆ, ಮೈ ಹುಷಾರಿಲ್ಲದೆ ಗಾಡಿ ಹತ್ತಲಾಗದ ವಾರವೂ ಅವನಿಗೊಂದು ಬಟವಾಡೆಯ ದಿನ ಇರಲಿ ಎನ್ನುತ್ತೇನೆ.

ಅಮ್ಮನಿಗೆ ಈಗ ವಯಸ್ಸಾಗಿದೆ. ಹಸು ಒಂದೇ ಉಳಿದಿದೆ. ಬಟವಾಡೆ ಕೈಗೆ ಬರುವುದಿಲ್ಲ, ಬ್ಯಾಂಕಿಗೆ ಹೋಗುತ್ತದೆ. ಫೋನು ಟಣ್ ಎಂದರೆ ಮೊಮ್ಮಗ ಓದಿ ಹೇಳುತ್ತಾನೆ. ಅಡುಗೆಮನೆಯ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರು ನೇತುಹಾಕಿದ್ದಾಳೆ. ಹೊಸ ವರ್ಷದ ದಿನವೇ ಕೂತು, ಬಟವಾಡೆಯ ದಿನಗಳಿಗೆಲ್ಲ ಡಿಸೆಂಬರಿನವರೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿಬಿಡುತ್ತಾಳೆ. ಬೇರೆ ದುಡ್ಡುಗಳಿಗೆ ಮುಂಚೆ ಸುತ್ತು ಹಾಕುವುದಿಲ್ಲ. ಬಂದ ದಿನ ಆ ಚೌಕದೊಳಗೆ ಸಣ್ಣಗೆ ‘ಬಂತು’ ಎಂದು ಬರೆಯುತ್ತಾಳೆ.